ಹತ್ತು ಲಕ್ಷದ ಮೂರು

ಲೆಕ್ಕದ ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ ಕನ್ನಡ ಮೇಷ್ಟ್ರು ಕೂತರೆ ದಿನಕ್ಕೊಂದು ತಮಾಷೆ ಖಂಡಿತ. ಎಪ್ಪತ್ತರ ದಶಕದ ಕೊನೆಯಲ್ಲಿ ಕೆಲಮಂಗಲದ ಸ್ಕೂಲಿನಲ್ಲಿ ನಾನು ಹಾಗೆ ಕೂತಿದ್ದೆ. ಇವು ಆ ಒಂದು ವರ್ಷದ ತಮಾಷೆಗಳು.

೧. ಪಾಲು

ಹತ್ತು ಲಕ್ಷ ದಾಟಿದ ಮೇಲೆ ಮೊದಲ ಅವಿಭಾಜ್ಯ ಸಂಖ್ಯೆ ಯಾವುದು ಅಂತ ಕ್ಲಾಸಿನಲ್ಲಿ ಒಬ್ಬ ಹುಡುಗಿ ಕೇಳಿದಳಂತೆ. ಹತ್ತು ಲಕ್ಷದ ಒಂದು ನೂರ ಒಂದರಿಂದ ಭಾಗವಾಯಿತು. ಹತ್ತು ಲಕ್ಷದ ಎರಡು ಸಮಸಂಖ್ಯೆ. ಆಮೇಲಿನದು ಹತ್ತು ಲಕ್ಷದ ಮೂರು. ಸಾವಿರವನ್ನು ಸಾವಿರದಿಂದ ಗುಣಿಸಿದರೆ ಹತ್ತು ಲಕ್ಷ, ಆದ್ದರಿಂದ ಸಾವಿರದೊಳಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು; ಅವು ನೂರ ಅರವತ್ತೆಂಟು. ಅವುಗಳಲ್ಲಿ ಯಾವುದರಿಂದಲೂ ಅದು ಶೇಷವಿಲ್ಲದೆ ಭಾಗವಾಗದಿದ್ದರೆ ಗೆದ್ದ ಹಾಗೆ. ಲೆಕ್ಕದ ಮೇಷ್ಟ್ರು ಪೆನ್ಸಿಲ್ ಹಿಡಿದು ಕೂತರು.

ಪ್ಯೂನ್ ಇಣುಕಿ ನೋಡಿದ. “ಯಾರ್ಯಾರ್ಗೆ ಪಾಲು ಸಾರ್?”

“ಯಾರ್ಗೂ ಸಮವಾಗಿ ಪಾಲಾಗಲ್ಲ ಅಂತ ತೋರಿಸ್ಬೇಕಪ್ಪ.”

“ಅದ್ಕೆ ಇಷ್ಟೊಂದ್ ಕಾಗ್ದ ಯಾಕೆ? ನಮ್ಮಣ್ಣತಮ್ಮಂದಿರ್ನ ಕರ್ಕೊಂಬತ್ತೀನಿ, ಒಂದ್ನಿಮಿಷ್ದಲ್ಲಿ ತೋರಿಸ್ತಾರೆ.”

೨. ಹತ್ತೊಂಬತ್ತರ ಮಗ್ಗಿ

ಅದೇ ತಿಂಗಳು ಅವರ ಹೆಂಡತಿ ಹಾಸಿಗೆ ಹಿಡಿದರು. ಮಕ್ಕಳಿರಲಿಲ್ಲ. ಸ್ಕೂಲು ಬಿಟ್ಟೊಡನೆ ಮೇಷ್ಟ್ರು ಬಸ್ಸು ಹತ್ತಿ ಹೊಸೂರಿನ ಆಸ್ಪತ್ರೆಗೆ ಹೋಗಿ, ಮಂಚದ ಪಕ್ಕ ಕೂತು ಭಾಗಿಸುತ್ತಿದ್ದರು. ನೋವು ಮರೆಯಲು ಆಕೆಯೂ ನೋಡುತ್ತಿದ್ದರು.

ನಾನು ಹೋದ ದಿನ ಮೇಷ್ಟ್ರ ಮುಖ ಬಾಡಿತ್ತು. “ಹತ್ತೊಂಬತ್ತರಿಂದ ಪೂರ್ತಿ ಹೋಗ್ಬುಡ್ತು ಸಾರ್. ಎಲ್ಲಾ ಮುಗೀತು.”

ಆಕೆ ಹಾಳೆ ಇಸಕೊಂಡರು. “ಹತ್ತೊಂಬತ್ತಾರ್ಲ ನೂರ ಹದಿನಾಲ್ಕು ಕಣ್ರೀ. ನೂರ ಹದಿಮೂರು ಬರ್ದಿದೀರ.” ಆಮೇಲೆ ನನ್ನ ಕಡೆ ತಿರುಗಿದರು. “ನನ್ನ ಎಂಟನೇ ಕ್ಲಾಸಿಗೇ ಬಿಡಿಸಿದ್ರು ಸಾರ್. ಇವ್ರು ಬೀಯೆಸ್ಸಿ.”

೩. ಅಚ್ಚಾದ ಉತ್ತರ

ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದ ಹಳೇ ಶಿಷ್ಯನೊಬ್ಬ ವಾರ್ಡಿಗೇ ಒಂದು ದಪ್ಪ ಪುಸ್ತಕ ತಂದ. “ಸಾರ್, ಇದ್ರಲ್ಲಿ ಅಚ್ಚಾಗಿದೆ. ಅವಿಭಾಜ್ಯವೇ.”

ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು. ಆಕೆಗೆ ಆಗ ದನಿಯೂ ಸರಿಯಾಗಿ ಬರುತ್ತಿರಲಿಲ್ಲ. “ಪುಸ್ತಕ ಬರ್ದೋರ್ ಯಾರಪ್ಪ?”

“ಯಾರೋ ಲೆಕ್ಕದ ಮೇಷ್ಟ್ರೇ ಅಮ್ಮ.”

“ಹಂಗಾದ್ರೆ ನಂಬಬೇಡಿ ಕಣ್ರೀ. ನೀವ್ ಮುಂದಕ್ಕೆ ಮಾಡಿ, ನಾನ್ ನೋಡ್ತೀನಿ.”

೪. ನನ್ನ ಸಮಾಧಾನ

ಲೆಕ್ಕ ಆರುನೂರ ಹದಿಮೂರಕ್ಕೆ ಬಂದಾಗ ಆಕೆ ಹೋಗಿಬಿಟ್ಟರು.

ಕರ್ಮಾಂತರ ಮುಗಿಸಿ ಸ್ಕೂಲಿಗೆ ಬಂದ ಮೇಷ್ಟ್ರು ಮತ್ತೆ ಪೆನ್ಸಿಲ್ ಹಿಡಿದರು. ಬಿಡುವಿದ್ದಾಗ ಭಾಗಿಸುತ್ತಿದ್ದರು. ತಪ್ಪು ಹಿಡಿಯುವವರು ಇಲ್ಲವಾದ್ದರಿಂದ ಪ್ರತಿಯೊಂದನ್ನೂ ಎರಡೆರಡು ಸಲ ಮಾಡುತ್ತಿದ್ದರು. ಒಂದು ಮಧ್ಯಾಹ್ನ ಕೊನೆಯದಾದ ಒಂಬೈನೂರ ತೊಂಬತ್ತೇಳೂ ಆಯಿತು.

“ಮುಗೀತು ಸಾರ್. ಯಾವ್ದರಿಂದ್ಲೂ ಹೋಗ್ಲಿಲ್ಲ” ಅಂದರು. ಕಣ್ಣು ತುಂಬಿತ್ತು. “ಹೇಳೋಣ ಅಂದ್ರೆ ಅವ್ಳಿಲ್ಲ.”

ಏನಾದರೂ ಹೇಳಲೇಬೇಕಲ್ಲ ಅಂತ ಅವರ ಬೆನ್ನ ಮೇಲೆ ಕೈಯಿಟ್ಟೆ. “ಹೋಗದಿದ್ರೆ ಬಿಡಿ ಸಾರ್, ಬೇಜಾರ್ ಮಾಡ್ಕೋಬೇಡಿ. ಮುಂದಿನ್ ನಂಬರ್ ನೋಡಿ, ಅದಾದ್ರೂ ಹೋಗ್ಬೋದು.”

ಮೇಷ್ಟ್ರು ನನ್ನನ್ನೇ ನೋಡಿದರು. ಮೊದಲು ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡೆ. ಅಳುತ್ತಲೂ ಇದ್ದರು. ಆದರೆ ಹೆಂಡತಿ ಹೋದ ಮೇಲೆ ಅವರು ನಕ್ಕದ್ದು ಅವತ್ತೇ ಮೊದಲು.

“ಹತ್ತು ಲಕ್ಷದ ನಾಲ್ಕು...” ಅಂದರು, ಉಸಿರು ಸಿಕ್ಕ ಮೇಲೆ. “ಅದು ಎರಡರಿಂದ್ಲೇ ಹೋಗುತ್ತಲ್ಲ ಸಾರ್!”