ಒಂದು ಕೋಳಿ, ಇಬ್ಬರು ಅಳಿಯಂದಿರು

ಹೃದಯದ ವಿಚಾರ ಹೆಚ್ಚು ತಿಳಿದವನಿಗೆ ನೆಮ್ಮದಿಯ ಊಟ ಕಷ್ಟ. ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಮೀನಿನ ಹೃದಯಕ್ಕೆ ಎರಡು ಕೋಣೆ, ಕಪ್ಪೆಯದಕ್ಕೆ ಮೂರು, ಕೋಳಿಗೂ ನಮಗೂ ನಾಲ್ಕು ಎಂದು ಹೇಳಿಕೊಂಡೇ ಅಲ್ಲೇ ಗುತ್ತಲು ಬಡಾವಣೆಯಲ್ಲಿ ಒಂದು ಮನೆ ಕಟ್ಟಿಕೊಂಡವನು. ಜಿರಲೆಯ ಹೃದಯಕ್ಕೆ ಹದಿಮೂರು ಕೋಣೆ ಎಂದಾಗ ಮಾತ್ರ ಹುಡುಗರು ತಲೆ ಎತ್ತುತ್ತಾರೆ. "ಅಷ್ಟಿದ್ರೂ ಒಂದು ಚಪ್ಲಿ ಏಟ್ಗೆ ಸಾಯ್ತದಲ್ಲ ಸಾರ್" ಎನ್ನುತ್ತಾರೆ. ಇದಕ್ಕೆ ಪಠ್ಯದಲ್ಲಿ ಉತ್ತರವಿಲ್ಲ.

ನನ್ನ ಅತ್ತೆಮನೆ ಬೆಳಕವಾಡಿ. ಹೋದಾಗಲೆಲ್ಲ ನಾಟಿಕೋಳಿ ಸಾರು, ಮುದ್ದೆ. ಕೋಳಿಯ ಗುಂಡಿಗೆ ಅಳಿಯನ ಎಲೆಗೆ. ಅದು ಆ ಮನೆಯ ಪದ್ಧತಿ. ಗೋಲಿಗಿಂತ ಒಂಚೂರು ದೊಡ್ಡದು, ಅಷ್ಟೆ. ಆದರೆ ಅತ್ತೆ ಅದನ್ನು ಸೌಟಿನಲ್ಲಿ ಹುಡುಕಿ ತೆಗೆದು ಬಡಿಸುವಾಗ ಪಂಕ್ತಿಯೆಲ್ಲ ನೋಡುತ್ತಿರುತ್ತದೆ, ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕಾಲೇಜಿನಲ್ಲಿ ಯಾರೂ ನನಗೆ ಅಷ್ಟು ಮರ್ಯಾದೆ ಕೊಟ್ಟವರಲ್ಲ. ಹೀಗಿರುವಾಗ ನಾದಿನಿಗೆ ಮದುವೆಯಾಯಿತು. ಗಂಡು ಮದ್ದೂರಿನವನು, ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ ಇಟ್ಟವನು. ಒಳ್ಳೆಯ ಹುಡುಗ, ಅದೇ ನನಗೆ ಹಿಡಿಸಲಿಲ್ಲ. ಇಬ್ಬರು ಅಳಿಯಂದಿರನ್ನೂ ಒಟ್ಟಿಗೆ ಊಟಕ್ಕೆ ಕರೆದಾಗ, ಗುಂಡಿಗೆ ಯಾರ ಪಾಲಿಗೆ ಎಂದು ದಾರಿಯಲ್ಲಿ ಮಳವಳ್ಳಿ ದಾಟುವವರೆಗೂ ಯೋಚಿಸಿದೆ. ತಡೆಯಲಾರದೆ ಹೆಂಡತಿಗೆ ಹೇಳಿದೆ. "ನಾಚ್ಕೆ ಆಗಕಿಲ್ವಾ ನಿಮ್ಗೆ? ಕೋಳಿ ಅಂಗ್ಡೀಲಿ ಕಾಲ್ ಕೇಜಿ ಗುಂಡ್ಗೆ ತಂದ್ಕೊಡ್ತೀನಿ, ತಿನ್ನಿ" ಎಂದಳು. ಮರ್ಯಾದೆ ಕೇಜಿ ಲೆಕ್ಕದಲ್ಲಿ ಸಿಗುವುದಿಲ್ಲ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ಕೊಯ್ದದ್ದು ಒಂದೇ ಕೋಳಿ. ಅತ್ತೆ ಗುಂಡಿಗೆಯನ್ನು ಉದ್ದಕ್ಕೆ ಸೀಳಿ ಎರಡು ಮಾಡಿದ್ದರು. "ನಂಗೆ ಇಬ್ರೂ ಒಂದೇಯ" ಎಂದು ಒಂದೊಂದು ಚೂರು ಬಡಿಸಿದರು. ಬೇರೆ ಯಾರೇ ಆಗಿದ್ದರೂ ತೆಪ್ಪಗೆ ತಿನ್ನುತ್ತಿದ್ದರು. ನನ್ನ ಕಣ್ಣು ಮಾತ್ರ ಗೋಡೆಯ ದಪ್ಪ ನೋಡಿತು. ಹೃದಯದ ಎಡಭಾಗ ರಕ್ತವನ್ನು ಮೈಗೆಲ್ಲ ತಳ್ಳಬೇಕು, ಅದಕ್ಕೇ ದಪ್ಪ. ಬಲಭಾಗಕ್ಕೆ ಪಕ್ಕದ ಶ್ವಾಸಕೋಶದವರೆಗೆ ತಳ್ಳಿದರೆ ಮುಗಿಯಿತು, ಅದಕ್ಕೇ ತೆಳು. ನನ್ನ ಎಲೆಗೆ ಬಿದ್ದದ್ದು ಬಲಭಾಗ. ಆ ಪಡಸಾಲೆಯಲ್ಲಿ ಈ ಅವಮಾನ ನನ್ನೊಬ್ಬನಿಗೇ ಗೊತ್ತಿತ್ತು. ಕಪ್ಪೆಯ ಹೃದಯದಲ್ಲಿ ಶುದ್ಧರಕ್ತ, ಅಶುದ್ಧರಕ್ತ ಒಂದೇ ಕೋಣೆಗೆ ಬಂದು ಬೆರೆಯುತ್ತವೆ. ಷಡ್ಡಕನ ಮುಖ ನೋಡಿ ನಗುತ್ತಲೇ ಒಳಗೊಳಗೆ ಶಪಿಸುತ್ತಿದ್ದ ನನ್ನದೂ ಅದೇ ಮಾದರಿಯದಿರಬೇಕು.

"ಎಡಗಡೆಯದು ದಪ್ಪ ಇರುತ್ತೆ ಅತ್ತೆ" ಎಂದು ಯಾರೂ ಕೇಳದಿದ್ದರೂ ಪಾಠ ಶುರುಮಾಡಿದೆ. ಷಡ್ಡಕ ಕೊನೆಯವರೆಗೂ ಕೇಳಿ, ತನ್ನ ಚೂರನ್ನು ನನ್ನ ಎಲೆಗೆ ದಾಟಿಸಿದ.

"ಇದ್ನೂ ನೀವೇ ತಿನ್ನಿ ಅಣ್ಣ. ನಂಗೆ ಗುಂಡ್ಗೆ ಮೊದ್ಲಿಂದ್ಲೂ ಸೇರಾಕಿಲ್ಲ. ಮೋಟರಿನ ರಬ್ಬರ್ ವಾಸರ್ ಅಗ್ದಂಗಾಯ್ತದೆ."

ಎರಡು ಚೂರನ್ನೂ ಬಾಯಿಗೆ ಹಾಕಿಕೊಂಡೆ. ಇಷ್ಟು ವರ್ಷ ತಿಂದಿದ್ದರೂ ರುಚಿ ಗಮನಿಸಿರಲಿಲ್ಲ. ಅವನು ಹೇಳಿದ್ದು ನಿಜ, ವಾಷರೇ. ಆದರೆ ಎಲ್ಲರೂ ನೋಡುತ್ತಿದ್ದರು, ಅಗಿದೆ. ಅತ್ತೆಗೆ ಬಹಳ ಸಂತೋಷವಾಯಿತು. "ದೊಡ್ಡಳಿಯಂದ್ರಿಗೆ ಗುಂಡ್ಗೆ ಅಂದ್ರೆ ಪ್ರಾಣ ಕಣಮ್ಮ" ಎಂದು ಕಿರಿಮಗಳಿಗೆ ಹೇಳಿದರು. ಈಗ ನಾವಿಬ್ಬರು ಅಳಿಯಂದಿರು ಹೋದರೆ ಅಲ್ಲಿ ಎರಡು ಕೋಳಿ ಕೊಯ್ಯುತ್ತಾರೆ. ತೊಡೆ, ಲಿವರ್ ಎಲ್ಲ ಮದ್ದೂರಿನವನಿಗೆ. ಗುಂಡಿಗೆ ಎರಡೂ, ಇಡಿಇಡಿಯಾಗಿ, ನನಗೆ.