ಬಯೋಡೇಟಾದಲ್ಲಿ ಒಬ್ಬ ಸಪ್ಲಾಯರ್

ಹಳೆಯ ಕಪಾಟು ಮಾರುವುದಕ್ಕೂ ನೌಕರಿಗೆ ಅರ್ಜಿ ಬರೆಯುವುದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ಗೀರು ಬಿದ್ದ ಬದಿಯನ್ನು ಗೋಡೆಗೆ ತಿರುಗಿಸಬೇಕು, ಪಾಲಿಶ್ ಇರುವ ಬದಿಯನ್ನು ಗಿರಾಕಿಗೆ ತೋರಿಸಬೇಕು. ಗಿರಾಕಿಯೇ ಬಗ್ಗಿ ಹಿಂದೆ ನೋಡಿದರೆ ಅದು ಅವನ ಹಣೆಬರಹ. ಸಯನ್ ಸ್ಟೇಷನ್ನಿನ ಪಕ್ಕದ ಗಲ್ಲಿಯಲ್ಲಿ ಹಳೆಯ ಮೇಜು ಕುರ್ಚಿ ಕೊಂಡು, ಆಫೀಸುಗಳಿಗೆ ಮಾರಿ ಬದುಕು ಕಟ್ಟಿಕೊಂಡ ನನಗೆ ಈ ತತ್ತ್ವವನ್ನು ಯಾರೂ ಕಲಿಸಿದ್ದಲ್ಲ. ಸ್ವಂತ ಮಾಲು, ಆದ್ದರಿಂದ ಪುಕ್ಕಟೆ ಹಂಚುತ್ತಿದ್ದೆ. ನಮ್ಮ ವಠಾರದ, ಅಂದರೆ ಚಾಳಿನ, ಹುಡುಗರು ಎಸ್ಸೆಸ್ಸಿ ಪಾಸಾದ ಕೂಡಲೇ ಬಯೋಡೇಟಾ ಬರೆಸಲು ನನ್ನ ಬಳಿಗೆ ಬರುತ್ತಿದ್ದರು. ಬಾರದವರನ್ನು ನಾನೇ ಕರೆಯುತ್ತಿದ್ದೆ.

ಹವ್ಯಾಸ ಎಂಬಲ್ಲಿ 'ಓದುವುದು' ಎಂದು ಬರೆಯಬೇಡ, ಏನು ಓದಿದ್ದೀಯ ಎಂದು ಕೇಳಿಬಿಡುತ್ತಾರೆ. 'ವಾಲಿಬಾಲ್' ಎಂದು ಬರೆ, ಇಂಟರ್‌ವ್ಯೂ ಕೋಣೆಯಲ್ಲಿ ಯಾರೂ ನೆಟ್ ಕಟ್ಟಿರುವುದಿಲ್ಲ. ಮಾತೃಭಾಷೆ ಕನ್ನಡ ಎಂದರೆ 'ಮದ್ರಾಸಿ' ಎಂದು ಓದುವ ಊರು ಇದು. ಆದ್ದರಿಂದ ಅದರ ಪಕ್ಕದಲ್ಲೇ 'ಮರಾಠಿ ಚೆನ್ನಾಗಿ ಬರುತ್ತದೆ' ಎಂದು ಸೇರಿಸು. ಬಾರದಿದ್ದರೆ ಮೀನಿನವಳ ಹತ್ತಿರ ಜಗಳವಾಡಿ ಕಲಿತುಕೋ. ಇಂಥ ಸಲಹೆಗಳಿಂದ ಎಷ್ಟು ಜನಕ್ಕೆ ನೌಕರಿ ಸಿಕ್ಕಿತೋ ನಾನು ವಿಚಾರಿಸಲಿಲ್ಲ. ಮಾರಿದ ಕಪಾಟಿನ ಯೋಗಕ್ಷೇಮ ವಿಚಾರಿಸುವ ಅಭ್ಯಾಸ ನಮ್ಮ ಧಂದೆಯಲ್ಲಿಲ್ಲ.

ಆದರೆ ಸದಾನಂದನ ವಿಷಯದಲ್ಲಿ ವಿಚಾರಿಸದೆ ಗತಿಯಿರಲಿಲ್ಲ. ಅವನು ನನ್ನ ಹೆಂಡತಿ ಕಮಲಳ ತಮ್ಮ. ಮಾಟುಂಗದ ಒಂದು ಹೊಟೇಲಿನಲ್ಲಿ ಹಗಲಿಡೀ ದುಡಿದು, ನೈಟ್ ಸ್ಕೂಲಿನಲ್ಲಿ ಓದಿ, ಟೈಪಿಂಗ್ ಕೂಡ ಕಲಿತಿದ್ದ. ವಡಾಲದಲ್ಲಿ ಶಾಂತಾ ಎಂಬ ಹುಡುಗಿಯಿದ್ದಳು; ಇಬ್ಬರಿಗೂ ಮನಸ್ಸಿತ್ತು. ಅವಳ ಅಪ್ಪ, ತಾನೇ ಹೊಟೇಲಿನ ಒಲೆಯ ಮುಂದೆ ಬೆವರಿಳಿಸಿ ಮನೆ ಮಾಡಿದ ಮನುಷ್ಯ, "ಹೊಟೇಲಿನ ಮಾಣಿಗೆ ಮಗಳನ್ನು ಕೊಡ್ಲಿಕ್ಕಿಲ್ಲ. ಆಫೀಸಿಗೆ ಸೇರ್ಲಿ, ಮತ್ತೆ ನೋಡುವ" ಎಂದಿದ್ದ. ಅಷ್ಟರಲ್ಲಿ ಒಂದು ದೊಡ್ಡ ಕಂಪನಿಯ ಖರೀದಿ ವಿಭಾಗಕ್ಕೆ ಗುಮಾಸ್ತರು ಬೇಕೆಂದು ಪೇಪರಿನಲ್ಲಿ ಬಂತು. ಸದಾನಂದ ಕಾಗದ ಹಿಡಿದು ಬಂದು ಕುಳಿತ.

"ಅನುಭವ ಅಂತ ಇದ್ದಲ್ಲಿ ಎಂತ ಬರೆಯುದು ಭಾವ? ಹೊಟೇಲ್ ಅಂದ್ರೆ ಹರಿದು ಬಿಸಾಡ್ತಾರೆ. ಖಾಲಿ ಬಿಡುವನಾ?"

"ಖಾಲಿ ಬಿಟ್ರೆ ಇಷ್ಟು ವರ್ಷ ಜೈಲಲ್ಲಿದ್ದ ಅಂದ್ಕೊಳ್ತಾರೆ ಮಾರಾಯ. ಹೊಟೇಲಲ್ಲಿ ನಿನ್ನನ್ನು ಎಂತ ಹೇಳಿ ಕರೀತಾರೆ?"

"ಸಪ್ಲಾಯರ್."

"ಅದನ್ನೇ ಬರೆ."

ನಮ್ಮವರ ಹೊಟೇಲುಗಳಲ್ಲಿ ಮೇಜು ಒರೆಸುವವನು ಕ್ಲೀನರ್, ತಿಂಡಿ ತಂದಿಡುವವನು ಸಪ್ಲಾಯರ್. ಹೊರಗಿನ ಜಗತ್ತಿನಲ್ಲಿ ಸಪ್ಲಾಯರ್ ಎಂದರೆ ಕಂಪನಿಗಳಿಗೆ ಮಾಲು ಒದಗಿಸುವ ವ್ಯಾಪಾರಿ. ನನ್ನ ಅಂಗಡಿಯ ಬೋರ್ಡಿನಲ್ಲೂ 'ಫರ್ನಿಚರ್ ಸಪ್ಲಾಯರ್' ಎಂದೇ ಇದೆ. ನಾನೂ ಒಂದು ಕಾಲದಲ್ಲಿ ಹೊಟೇಲಿನ ಸಪ್ಲಾಯರನೇ. ಅಲ್ಲಿಂದ ಇಲ್ಲಿಗೆ ಬರಲು ಶಬ್ದ ಬದಲಿಸಬೇಕಾಗಲಿಲ್ಲ, ಅಂಗಿ ಬದಲಿಸಿದರೆ ಸಾಕಾಯಿತು.

"ಸುಳ್ಳಾಗುದಿಲ್ವಾ ಭಾವ?"

"ನೀನು ಸಪ್ಲಾಯರ್ ಹೌದಾ ಅಲ್ವಾ?"

"ಹೌದು."

"ಮತ್ತೆ ಸುಳ್ಳು ಎಲ್ಲಿಂದ ಬಂತು?"

ಒಳಗಿನಿಂದ ಕಮಲ, "ಅವನೇನು ನಿಮ್ಮ ಅಂಗಡಿ ಕಪಾಟಾ?" ಎಂದಳು. ಹೆಂಗಸರಿಗೆ ವ್ಯಾಪಾರ ತಿಳಿಯುವುದಿಲ್ಲ ಎಂದುಕೊಂಡು, 'ಮಾಟುಂಗದ ಹೆಸರುವಾಸಿ ಸಂಸ್ಥೆಯಲ್ಲಿ ಸಪ್ಲಾಯರ್' ಎಂದು ಇಂಗ್ಲಿಷಿನಲ್ಲಿ ನಾನೇ ಬರೆದುಕೊಟ್ಟೆ.

ಇಂಟರ್‌ವ್ಯೂಗೆ ಕರೆ ಬಂತು. ನನ್ನ ಬಿಳಿ ಶರಟನ್ನೇ ಕೊಟ್ಟು ಕಳಿಸಿದೆ. ಏನು ಒದಗಿಸುತ್ತಿದ್ದೆ ಎಂದರೆ 'ಆಹಾರ ಪದಾರ್ಥ' ಎನ್ನು, ಯಾರಿಗೆ ಎಂದರೆ 'ಸಾರ್ವಜನಿಕರಿಗೆ' ಎನ್ನು ಎಂದು ಬಾಯಿಪಾಠ ಮಾಡಿಸಿದ್ದೆ. ಅಷ್ಟರವರೆಗೆ ಹುಡುಗ ಸರಿಯಾಗಿಯೇ ಹೇಳಿದ. ಆಗ ನಡುವೆ ಕುಳಿತಿದ್ದ ಸಾಹೇಬ ಸುಮ್ಮನೆ ಹಿಂದಿಯಲ್ಲಿ, "ಐಟಮ್ ಕ್ಯಾ ಕ್ಯಾ ಹೈ?" ಎಂದನಂತೆ. ಇಷ್ಟು ವರ್ಷ ಗಿರಾಕಿಗಳ ಬಾಯಿಂದ ದಿನವಿಡೀ ಕೇಳಿದ ಪ್ರಶ್ನೆ ಅದು. ಸದಾನಂದನ ಬಾಯಿ ಅವನ ಅಪ್ಪಣೆ ಕಾಯಲಿಲ್ಲ. "ಇಡ್ಲಿ-ವಡಾ-ಉಪ್ಪಿಟ್ಟು-ಶಿರಾ-ಸಾದಾ-ಮಸಾಲಾ-ರವಾ-ಉತ್ತಪ್ಪಾ" ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿ, ಕೊನೆಗೆ "ವಡಾ ಗರಂ ಹೈ ಸಾಬ್" ಎಂದೂ ಸೇರಿಸಿಬಿಟ್ಟನಂತೆ.

ಅವರು ಸಿಟ್ಟಾಗಿದ್ದರೆ ವಾಸಿಯಿತ್ತು. ನಕ್ಕರು. ಒಬ್ಬ, ಪ್ಲೇಟುಗಳನ್ನು ಹೇಗೆ ತರುತ್ತೀ ತೋರಿಸು ಎಂದ. ಇವನು ಮೇಜಿನ ಮೇಲಿದ್ದ ಫೈಲುಗಳನ್ನೇ ಮುಂಗೈಯಿಂದ ಭುಜದವರೆಗೆ ಜೋಡಿಸಿ, ಒಂದೂ ಬೀಳದಂತೆ ಕೋಣೆ ಸುತ್ತಿ ಬಂದ. ಖರೀದಿ ವಿಭಾಗದಲ್ಲಿ ಜಾಗವಿಲ್ಲ, ಕ್ಯಾಂಟೀನಿನಲ್ಲಿದೆ ಎಂದರು. ತಪ್ಪು ಬಯೋಡೇಟಾದ್ದಲ್ಲ, ಬಾಯಿಯದ್ದು ಎಂದು ನಾನು ಈಗಲೂ ವಾದಿಸುತ್ತೇನೆ.

"ಬೇಡ ಭಾವ, ಅದೂ ಅದೇ ಕೆಲಸ ಅಲ್ವಾ" ಎಂದ ಸದಾನಂದ. ನಾನು ಬಿಡಲಿಲ್ಲ. ಕಂಪನಿ ಎಂದರೆ ಕಂಪನಿ. ಸಾಹೇಬನಿಗೂ ಕ್ಯಾಂಟೀನಿನವನಿಗೂ ಗೇಟು ಒಂದೇ ಎಂದು ಹೇಳಿ ಅವನನ್ನು ಕೆಲಸಕ್ಕೆ ಸೇರಿಸಿದೆ. ವಡಾಲಕ್ಕೆ ಹೋಗಿ ಶಾಂತಾಳ ಅಪ್ಪನಿಗೆ, "ಹುಡುಗನಿಗೆ ಕಂಪನಿಯಲ್ಲಿ ನೌಕರಿ ಆಯ್ತು" ಎಂದೆ. ಇದರಲ್ಲೂ ಸುಳ್ಳಿರಲಿಲ್ಲ. ಆದರೆ ಆ ಮನುಷ್ಯ ಕಪಾಟಿನ ಹಿಂದೆ ಬಗ್ಗಿ ನೋಡುವ ಗಿರಾಕಿ. ಕಂಪನಿಯ ಗೇಟಿಗೇ ಹೋಗಿ ಹೆಸರು ಹೇಳಿ ವಿಚಾರಿಸಿದ. "ಅಚ್ಛಾ, ವೋ ಕ್ಯಾಂಟೀನ್‌ವಾಲಾ?" ಎಂದನಂತೆ ಕಾವಲುಗಾರ. ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದು, "ಹೊಟೇಲಲ್ಲೇ ಇದ್ದಿದ್ರೆ ನಾಳೆ ಸ್ವಂತದ್ದೊಂದು ಹೊಟೇಲಾದ್ರೂ ಹಾಕ್ತಿದ್ದ ಮಾರಾಯ್ರೆ. ಅದನ್ನೂ ತಪ್ಪಿಸಿದ್ರಿ" ಎಂದು ಹೇಳಿ ಹೋದ. ಶಾಂತಾಳ ಮದುವೆ ಒಬ್ಬ ಬ್ಯಾಂಕ್ ಗುಮಾಸ್ತನ ಜೊತೆ ಆಯಿತು. ಸದಾನಂದ ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬರುವುದನ್ನು ನಿಲ್ಲಿಸಿದ. ಕಮಲ ಅವನ ಪಾಲಿನ ಊಟವನ್ನು ಡಬ್ಬಿಯಲ್ಲಿ ಕಟ್ಟಿ ತಾನೇ ಕೊಟ್ಟು ಬರತೊಡಗಿದಳು. ನನ್ನನ್ನು ಕೇಳಿದ್ದರೆ ಉತ್ತರ ಸಿದ್ಧವಿತ್ತು.

ಮೊನ್ನೆ ಅದೇ ಕಂಪನಿಗೆ ಕುರ್ಚಿಗಳು ಬೇಕಾಗಿವೆಯೆಂದು ತಿಳಿದು ಹೋಗಿದ್ದೆ. ಸಾಹೇಬನ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಿರುವಾಗ ಸದಾನಂದ ಟ್ರೇ ಹಿಡಿದು ಬಂದ. ಖಾಕಿ ಸಮವಸ್ತ್ರ, ಎದೆಯ ಮೇಲೆ ಕಂಪನಿಯ ಹೆಸರು. ದೇವರೇ ಕಳಿಸಿದ ಎಂದುಕೊಂಡೆ. ಒಂದು ಮಾತು ಹಾಕು ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವನು ಚಹಾ ಇಟ್ಟು, ಮೇಜಿನ ಮೇಲೆ ಬಿದ್ದ ಹನಿಯನ್ನು ಒರೆಸಿದ. ಸಾಹೇಬ ತಲೆಯೆತ್ತದೆ, "ದರ್ವಾಜೇ ಪೇ ಕೌನ್ ಹೈ?" ಎಂದ.

ಸದಾನಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಕೋಯಿ ನಹೀ ಸಾಬ್. ಸಪ್ಲಾಯರ್ ಹೈ."

"ಬಾಹರ್ ಬಿಠಾವ್."

ಯಾರೂ ಅಲ್ಲ, ಬರೀ ಸಪ್ಲಾಯರ್. ಸುಳ್ಳೆಂದು ವಾದಿಸಲು ನನಗೆ ಜಾಗವೆಲ್ಲಿತ್ತು? ಶಬ್ದ ಹುಡುಕಿಕೊಟ್ಟವನೇ ನಾನು. ಹೊರಗಿನ ಬೆಂಚನ್ನು ಅವನು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ, ಗಿರಾಕಿಗೆ ತೋರಿಸುವಂತೆ ಕೈ ತೋರಿಸಿ ಹೋದ. ನಾನು ಬೆನ್ನನ್ನು ಗೋಡೆಗೆ ಒತ್ತಿ ಕುಳಿತೆ. ಗೀರು ಬಿದ್ದ ಬದಿ ಯಾವ ಕಡೆ ಇರಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ.