ಖಾಲಿ ಡಬ್ಬಿ ತಿರುಗಿ ಕೊಡಬಾರದು

ಅನಘಾ, ತೇಜಸ್, ನಿಮ್ಮ ಅಜ್ಜಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಿಮ್ಮಮ್ಮ ಎಲ್ಲರ ಮುಂದೆ ಹೇಳುತ್ತಾಳೆ. ಕನ್ನಡದ ಮಟ್ಟಿಗೆ ಅದು ನಿಜ. ಇಂಗ್ಲಿಷಿನ ಕಥೆ ಬೇರೆ. ಆ ಭಾಷೆಯಲ್ಲಿ ನಾನು ಧೈರ್ಯ ಮಾಡಿ ಆಡಿದ ಮೊದಲ ಮಾತು "ವೆರಿ ಗುಡ್", ಮತ್ತು ಅದು ಸುಳ್ಳು. ಎರಡು ಶಬ್ದದ ಆ ಸುಳ್ಳನ್ನು ಸಾಕಲು ನಾನು ನಾಲ್ಕು ತಿಂಗಳು ಪಟ್ಟ ಪಾಡನ್ನು ನೀವು ಅರ್ಧಂಬರ್ಧ ಕೇಳಿದ್ದೀರಿ. ಪೂರ್ತಿ ಇಲ್ಲಿ ಬರೆಯುತ್ತೇನೆ.

ನಮ್ಮೂರ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವಳು ನಾನು. ಇಂಗ್ಲಿಷಿನ ಮಾಸ್ತರು ಪ್ರಶ್ನೆ ಕೇಳಲು ಎದ್ದರೆ ಕಂಬದ ಹಿಂದೆ ಸರಿದು ಕೂಡುತ್ತಿದ್ದೆ. ನಿಮ್ಮ ಅಜ್ಜ ಹೋದ ಮೇಲೆ ಟೆಕ್ಸಸ್ಸಿನ ನಿಮ್ಮೂರು ಅಲೆನ್‌ಗೆ ಬಂದೆ. ಇಲ್ಲಿನ ಮನೆಯಲ್ಲಿ ಕಂಬ ಇರಲಿಲ್ಲ, ಪರದೆ ಇತ್ತು. ಬಾಗಿಲ ಗಂಟೆ ಬಾರಿಸಿದರೆ ಬಂದವರು ಹೋಗುವ ತನಕ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ನೀವಿಬ್ಬರೂ ಶಾಲೆಗೆ, ಅಪ್ಪ ಅಮ್ಮ ಪಕ್ಕದೂರು ಪ್ಲೇನೋದ ಆಫೀಸಿಗೆ. ಆರು ತಿಂಗಳು ನಾನು ಹಗಲಿನಲ್ಲಿ ಮಾತಾಡಿದ್ದು ಕುಕ್ಕರಿನ ಜೊತೆ. ಅದಾದರೂ ಮೂರು ಸಲ ಉತ್ತರ ಕೊಡುತ್ತಿತ್ತು.

ನೋಡಿ ನೋಡಿ ಸಾಕಾಗಿ ನಿಮ್ಮಮ್ಮ ಲೈಬ್ರರಿಯಲ್ಲಿ ಬುಧವಾರ ನಡೆಯುವ ಇಂಗ್ಲಿಷ್ ಕ್ಲಾಸಿಗೆ ನನ್ನ ಹೆಸರು ಬರೆಸಿದಳು. ಹನ್ನೆರಡು ಜನ ಇದ್ದೆವು. ಹತ್ತು ಜನರದು ಸ್ಪ್ಯಾನಿಷ್. ಕಲಿಸುವ ಕ್ಯಾರಲ್ ಮೇಡಂ ನನಗಿಂತ ಹಿರಿಯರು. ಮೊದಲ ದಿನ ನಾನು ಹಿಂದಿನ ಮೂಲೆಯ ಕುರ್ಚಿ ಹಿಡಿಯಲು ಹೋದರೆ ಅಲ್ಲಿ ಆಗಲೇ ಒಬ್ಬಳು ಕೂತಿದ್ದಳು. ಅವಳೇ ರೋಸಾ. ಮೆಕ್ಸಿಕೋದವಳು. ಟೆಕ್ಸಸ್‌ಗೆ ಬಂದು ಇಪ್ಪತ್ತು ವರ್ಷ. ಹೋಟೆಲುಗಳಲ್ಲಿ ಬಟ್ಟೆ ಒಗೆಯುವ ಕೆಲಸ. ಅಲ್ಲಿ ಎಲ್ಲರೂ ಅವಳ ಭಾಷೆಯವರೇ, ಇಂಗ್ಲಿಷ್ ಬೇಕಾಗಿರಲಿಲ್ಲ. ಈಗ ಹ್ಯೂಸ್ಟನ್ನಿನಲ್ಲಿರುವ ಮೊಮ್ಮಗಳು ಫೋನಿನಲ್ಲಿ ಬರೀ ಇಂಗ್ಲಿಷ್ ಆಡುತ್ತಾಳಂತೆ. ನಡುವೆ ಮಗಳು ನಿಂತು ಅಜ್ಜಿಯ ಮಾತನ್ನು ಮೊಮ್ಮಗಳಿಗೆ, ಮೊಮ್ಮಗಳ ಮಾತನ್ನು ಅಜ್ಜಿಗೆ ಮುಟ್ಟಿಸಬೇಕು. "ಅರ್ಧ ಮಾತನ್ನು ಅವಳೇ ನುಂಗುತ್ತಾಳೆ" ಎಂದು ರೋಸಾಳ ದೂರು. ನಮ್ಮಿಬ್ಬರ ಇಂಗ್ಲಿಷನ್ನು ಇದ್ದಂತೆ ಬರೆದರೆ ನೀವು ನಗುತ್ತೀರಿ, ಅದಕ್ಕೇ ಅವಳ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅವಳು ತನ್ನ ವಹಿಯಲ್ಲಿ ಇಂಗ್ಲಿಷ್ ಶಬ್ದಗಳನ್ನು ಸ್ಪ್ಯಾನಿಷ್ ಓದುವ ರೀತಿಯಲ್ಲಿ ಬರೆದುಕೊಳ್ಳುತ್ತಿದ್ದಳು, ನಾನು ಕನ್ನಡ ಅಕ್ಷರದಲ್ಲಿ. ಅವಳ ಭಾಷೆಯೂ ನಮ್ಮದರಂತೆ ಬರೆದಂತೆ ಓದುವ ಭಾಷೆ. ಚಾಕುವಿನ ಇಂಗ್ಲಿಷ್ ಶಬ್ದದಲ್ಲಿ ಮೊದಲ ಅಕ್ಷರ 'ಕೆ' ಸುಮ್ಮನಿರುತ್ತದೆ ಎಂದು ಮೇಡಂ ಹೇಳಿದಾಗ ರೋಸಾ ಕೈ ಎತ್ತಿ, "ಕೆಲಸ ಇಲ್ಲದಿದ್ದರೆ ಅದನ್ನು ಮನೆಗೆ ಕಳಿಸಿ" ಎಂದಳು. ಆ ದಿನ ನಾನು ನಕ್ಕದ್ದು ನನಗೇ ಕೇಳಿಸಿತು. ನಿಮ್ಮ ಅಜ್ಜ ಹೋದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು. ಬುಧವಾರ ಬರಲಿ ಎಂದು ದಾರಿ ಕಾಯತೊಡಗಿದೆ.

ಮೂರನೇ ವಾರ ರೋಸಾ ನನಗೊಂದು ನೀಲಿ ಮುಚ್ಚಳದ ಡಬ್ಬಿ ಕೊಟ್ಟಳು. ಮನೆಯಲ್ಲಿ ತೆಗೆದು ನೋಡಿದರೆ ಗೋವಿನಜೋಳದ ತೆನೆಯ ಸಿಪ್ಪೆಯಲ್ಲಿ ಸುತ್ತಿ, ಸಿಪ್ಪೆಯದೇ ದಾರ ಕಟ್ಟಿ, ಹಬೆಯಲ್ಲಿ ಬೇಯಿಸಿದ ಆರು ಕಡುಬು. ಎಂಥಾ ಒಪ್ಪ! ಒಂದನ್ನು ಬಿಚ್ಚುತ್ತಿದ್ದೆ, ನಿಮ್ಮಮ್ಮ ಓಡಿಬಂದು ಕೈ ಹಿಡಿದಳು. "ಅವ್ವಾ, ಇದು ತಮಾಲೆ. ಒಳಗ ಹಂದಿ ಮಾಂಸ ಇರತೈತಿ." ನಾನು ಕೈ ತೊಳೆದುಕೊಂಡು ಬಂದೆ. "ಬರೂ ಬುಧವಾರ ಹೇಳಿಬಿಡು, ನಾವು ತಿನ್ನಂಗಿಲ್ಲ ಅಂತ" ಎಂದಳು.

ಹೇಳುವುದು ಅಷ್ಟು ಸುಲಭವೇ? ನಮ್ಮ ಕಡೆ ಬಡಿಸುವವರಿಗೆ ಬೇಡ ಎಂದು ಬಾಯಲ್ಲಿ ಅನ್ನುವುದಿಲ್ಲ. ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ, ಅವರು ಕೈಯ ಸಂದಿಯಲ್ಲಿ ಬಡಿಸುತ್ತಾರೆ. ಬುಧವಾರ ರೋಸಾ ಕಣ್ಣರಳಿಸಿ "ಗುಡ್?" ಎಂದಳು. ನನ್ನ ಬಾಯಿ "ವೆರಿ ಗುಡ್" ಎಂದುಬಿಟ್ಟಿತು. ಸಾಲದ್ದಕ್ಕೆ ಖಾಲಿ ಡಬ್ಬಿ ತಿರುಗಿ ಕೊಡಬಾರದು ಎಂದು ಶೇಂಗಾ ಉಂಡಿ ತುಂಬಿ ಒಯ್ದಿದ್ದೆ. ಅವಳ ಊರಲ್ಲೂ ಅದೇ ಪದ್ಧತಿ ಇರಬೇಕು. ಮುಂದಿನ ವಾರ ಡಬ್ಬಿ ಮತ್ತೆ ಕಡುಬು ತುಂಬಿಕೊಂಡು ಬಂತು. "ಉಂಡಿ ಗುಡ್?" ಎಂದೆ. "ವೆರಿ ಗುಡ್" ಎಂದಳು. ಹೀಗೆ ಒಂದು ವಾರ ಅವಳ ಕಡುಬು, ಒಂದು ವಾರ ನನ್ನ ಉಂಡಿ, ಹೋಳಿಗೆ, ಕರದಂಟು.

ಅನ್ನ ಚೆಲ್ಲುವ ಕೈ ನನ್ನದಲ್ಲ. ಗುರುವಾರ ನಮ್ಮ ಮನೆಯ ಹುಲ್ಲು ಕತ್ತರಿಸಲು ಬರುವ ದಪ್ಪ ಮೀಸೆಯ ರಾಮೋನ್ ನಿಮಗೆ ಗೊತ್ತೇ ಇದ್ದಾನೆ. ನಾನು ರಾಮಣ್ಣ ಎಂದೇ ಕರೆಯುತ್ತೇನೆ. ಡಬ್ಬಿಯನ್ನು ಗ್ಯಾರೇಜಿನ ಹಳೇ ಫ್ರಿಜ್ಜಿನಲ್ಲಿಟ್ಟು, ಗುರುವಾರ ಕಡುಬುಗಳನ್ನು ಕಾಗದದ ತಟ್ಟೆಗೆ ಹಾಕಿ ಅವನ ಮುಂದೆ ಹಿಡಿದೆ. ಅವನು ಸಿಪ್ಪೆಯ ಗಂಟನ್ನು ನೋಡಿದ, ನನ್ನನ್ನು ನೋಡಿದ. ಒಂದು ತಿಂದ. ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡ. ಉಳಿದ ಐದನ್ನೂ ತಿಂದ. ಎಷ್ಟು ಭಕ್ತಿಯಿಂದ ಉಣ್ಣುತ್ತಾನಪ್ಪಾ ಎಂದು ನನಗೆ ಕಣ್ಣು ತುಂಬಿ ಬಂತು.

ಆದರೆ ಸುಳ್ಳು ಭಾರವಾಗುತ್ತಾ ಹೋಯಿತು. ರೋಸಾ ಖಾರ ಹೆಚ್ಚಿಸಲೇ ಎಂದು ಕೇಳುತ್ತಾಳೆ, ಸರಿಯಾಗಿದೆ ಎನ್ನುತ್ತೇನೆ. ಕೆಲಸ ಮುಗಿಸಿ ಬಂದ ಕೈಯಲ್ಲಿ ನನಗಾಗಿ ಹಿಟ್ಟು ನಾದುತ್ತಾಳೆ. ನಾನು ಮುಟ್ಟುವುದೂ ಇಲ್ಲ. ನಿಜ ಹೇಳಿದರೆ ಇಷ್ಟು ದಿನ ಮೋಸ ಮಾಡಿದಳು ಎಂದು ಎದ್ದು ಬೇರೆ ಕುರ್ಚಿಗೆ ಹೋದರೆ? ಈ ಊರಲ್ಲಿ ನನಗೆ ಇದ್ದವಳು ಅವಳೊಬ್ಬಳು. "ನಾಲ್ಕು ಶಬ್ದ ಅವ್ವಾ, ಅಷ್ಟೂ ಹೇಳಾಕ ಆಗಂಗಿಲ್ಲೇನು?" ಎಂದು ನಿಮ್ಮಮ್ಮ ಗದರಿದಳು. ನಾಲ್ಕು ಶಬ್ದ ನನಗೂ ಬರುತ್ತಿತ್ತು. ಅವನ್ನು ಕೇಳಿದ ಮೇಲೆ ರೋಸಾಳ ಮುಖ ಹೇಗಾಗುತ್ತದೆಯೋ, ಅದು ಮಾತ್ರ ಗೊತ್ತಿರಲಿಲ್ಲ.

ಕಡೆಯ ಕ್ಲಾಸಿನಲ್ಲಿ ಪ್ರತಿಯೊಬ್ಬರೂ ಎದ್ದು ನಿಂತು, ಇಷ್ಟು ದಿನ ಹೇಳಲಾಗದ ಒಂದು ಮಾತನ್ನು ಇಂಗ್ಲಿಷಿನಲ್ಲಿ ಹೇಳಬೇಕು ಎಂದರು ಕ್ಯಾರಲ್ ಮೇಡಂ. ಮನೆಯವರನ್ನೂ ಕರೆತರಬಹುದು. ನಾನು ಒಂದು ವಾರ ತೇಜಸ್‌ನನ್ನು ಸೋಫಾದ ಮೇಲೆ ರೋಸಾಳಂತೆ ಕೂರಿಸಿ ಅಭ್ಯಾಸ ಮಾಡಿದೆ. ಅವನು ಪ್ರತಿ ಸಲವೂ ಅಳುವ ನಟನೆ ಮಾಡುತ್ತಿದ್ದ. ಅದರಿಂದ ಒಂದು ಚೂರೂ ಸಹಾಯವಾಗಲಿಲ್ಲ.

ಆ ಬುಧವಾರ ನನ್ನ ಸರದಿಗಿಂತ ಮೊದಲು ರೋಸಾ ಎದ್ದಳು. ಕೈಯಲ್ಲಿದ್ದ ಚೀಟಿ ಬಿಚ್ಚಿದಳು. ನನ್ನ ಕಡೆ ತಿರುಗಿ ಓದಿದಳು: "ನನ್ನ ಗೆಳತೀ, ನನಗೆ ಸಕ್ಕರೆ ಕಾಯಿಲೆ. ಡಾಕ್ಟರು ಸಿಹಿ ಬೇಡ ಅಂದಿದ್ದಾರೆ. ನಿನ್ನ ಉಂಡಿ ನಾನು ಒಂದೂ ತಿಂದಿಲ್ಲ. ಎಲ್ಲಾ ನನ್ನ ಗಂಡ ತಿಂದ. ನಾನು ಸುಳ್ಳುಗಾತಿ. ಕ್ಷಮಿಸು."

ನಾನು ಎದ್ದೆ. ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಗಿತ್ತು. "ನಾನೂ" ಎಂದೆ. ಆಮೇಲೆ, "ಮಾಂಸ ತಿನ್ನುವುದಿಲ್ಲ. ನಿನ್ನ ಕಡುಬೆಲ್ಲ ನಮ್ಮ ಹುಲ್ಲಿನ ರಾಮೋನ್ ತಿಂದ" ಎಂದೆ. ರೋಸಾ ಬಾಯಿ ತೆರೆದವಳು ಹಾಗೇ ನಿಂತಳು. ಮುಗಿಯಿತು, ಬೇರೆ ಕುರ್ಚಿಗೆ ಹೋದಳು ಎಂದುಕೊಂಡೆ. ಅವಳು ನೋಡುತ್ತಿದ್ದುದು ನನ್ನನ್ನಲ್ಲ, ಬಾಗಿಲ ಕಡೆ. ಅಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯ ಸರ್ಟಿಫಿಕೇಟ್ ನೋಡಲು ಬಂದ ರಾಮಣ್ಣ ಟೊಪ್ಪಿಗೆಯನ್ನು ಎದೆಗೆ ಹಿಡಿದು ನಿಂತಿದ್ದ.

ನಾಲ್ಕು ತಿಂಗಳಲ್ಲಿ ಒಮ್ಮೆಯಾದರೂ ಅವಳ ಗಂಡನ ಹೆಸರು ಕೇಳಬಾರದಿತ್ತೇ ಎಂದು ನೀವು ಕೇಳಬಹುದು. ನಮ್ಮೂರಲ್ಲಿ ಹೆಂಗಸರು ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟಿ ಹೇಳುವುದೇ ಹೊರತು ಸುಮ್ಮನೆ ಆಡುವುದಿಲ್ಲ. ನಾನು ನಿಮ್ಮ ಅಜ್ಜನ ಹೆಸರನ್ನು ಆ ಕ್ಲಾಸಿನಲ್ಲಿ ಹೇಳಲೇ ಇಲ್ಲ. ರೋಸಾ "ನನ್ನ ಗಂಡ" ಎನ್ನುವಾಗ, ಪಾಪ, ಇವಳೂ ಒಳ್ಳೆಯ ಮನೆತನದವಳು ಎಂದುಕೊಂಡಿದ್ದೆ.

ಡಾಕ್ಟರು ರಾಮಣ್ಣನಿಗೆ ಹಂದಿಯ ಕೊಬ್ಬು ಬೇಡ ಎಂದಿದ್ದರಂತೆ. ಅದಕ್ಕೇ ರೋಸಾ ಕಡುಬುಗಳನ್ನು ಎಣಿಸಿ ಡಬ್ಬಿಗೆ ಹಾಕಿ, ಒಂದನ್ನೂ ಅವನಿಗೆ ಕೊಡದೆ ನನಗೆ ತರುತ್ತಿದ್ದಳು. ಒಂದು ವಾರ ನಮ್ಮ ಗ್ಯಾರೇಜಿನಲ್ಲಿ ಅವಳ ಕಡುಬು, ಒಂದು ವಾರ ಅವರ ಮನೆಯಲ್ಲಿ ನನ್ನ ಉಂಡಿ, ಎರಡನ್ನೂ ತಿಂದವನು ಅವನೇ. ಸಿಪ್ಪೆಯ ಗಂಟು ನೋಡಿದ ಕ್ಷಣವೇ ಅದು ಹೆಂಡತಿಯ ಕೈ ಎಂದು ಅವನಿಗೆ ತಿಳಿದಿತ್ತು, ಬಾಯಿ ಮಾತ್ರ ಬಿಟ್ಟಿರಲಿಲ್ಲ. ರೋಸಾ ಅವನ ಹೊಟ್ಟೆಯನ್ನು ಬೆರಳಿನಿಂದ ತಿವಿದು, ಅಷ್ಟೂ ಜನರ ಮುಂದೆ ಇಂಗ್ಲಿಷಿನಲ್ಲೇ ಬಯ್ದಳು. ಒಂದೂ ತಪ್ಪಿರಲಿಲ್ಲ ಎಂದು ಕ್ಯಾರಲ್ ಮೇಡಂ ಆಮೇಲೆ ಹೇಳಿದರು. ಬಯ್ದು ಮುಗಿಸಿ ನನ್ನ ಪಕ್ಕದ ಕುರ್ಚಿಗೇ ಬಂದು ಕೂತು, ನನ್ನ ಕೈ ಹಿಡಿದುಕೊಂಡು ಕಣ್ಣೀರು ಬರುವಷ್ಟು ನಕ್ಕಳು.

ಈಗ ರೋಸಾ ನನಗೆ ಕೊಬ್ಬಿನ ಬದಲು ಎಣ್ಣೆ ಹಾಕಿ ನಾದಿದ, ಕಾಳು ತುಂಬಿದ ಕಡುಬು ಕೊಡುತ್ತಾಳೆ, ನಾನು ಅವಳಿಗೆ ಶೇಂಗಾ ಚಟ್ನಿಪುಡಿ. ರಾಮಣ್ಣ ಗುರುವಾರ ಬಂದು ಹುಲ್ಲು ಕತ್ತರಿಸಿ, ಮುಚ್ಚಿದ ಗ್ಯಾರೇಜನ್ನು ನೋಡಿ ನಿಟ್ಟುಸಿರು ಬಿಡುತ್ತಾನೆ. ಇಂಗ್ಲಿಷಿನಲ್ಲಿ ನಾನು ಹೇಳಿದ ಮೊದಲ ನಿಜ ಒಬ್ಬ ಮನುಷ್ಯನ ಊಟ ತಪ್ಪಿಸಿತು.

ಈ ಹಾಳೆಗಳನ್ನು ಅದೇ ನೀಲಿ ಮುಚ್ಚಳದ ಡಬ್ಬಿಯಲ್ಲಿ ಹಾಕಿದ್ದೇನೆ. ಆಸ್ಟಿನ್ನಿನ ಕಾಲೇಜಿನಲ್ಲಿರುವ ಅನಘಾ ರಜೆಗೆ ಬಂದಾಗ ಇಬ್ಬರೂ ಸೇರಿ ತೆಗೆಯಿರಿ. ನಾನು ಕನ್ನಡದಲ್ಲಿ ಕೇಳಿದರೆ ನೀವು ಇಂಗ್ಲಿಷಿನಲ್ಲಿ ಉತ್ತರ ಕೊಡುವವರು, ಓದಲು ಎಷ್ಟು ವರ್ಷ ಹಿಡಿದೀತೋ. ಅಲ್ಲಿಯತನಕ ಹಾಳೆ ಜೋಪಾನ. ಓದಿದ ಮೇಲೆ ಡಬ್ಬಿ ಖಾಲಿ ತಿರುಗಿ ಕೊಡಬಾರದು. ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಾಕಿ. ಹೇಗಿದೆ ಎಂದು ಕೇಳಿದರೆ ನಾನು ಏನನ್ನುತ್ತೇನೆ ಎಂಬುದು ನಿಮಗೆ ಗೊತ್ತೇ ಇದೆ. ಆದರೂ ಆ ನಾಲ್ಕು ಸಾಲನ್ನು ಇವುಗಳ ಜೊತೆಗೇ ಇಟ್ಟು, ಎಲ್ಲವನ್ನೂ ಕಾಪಾಡಿಕೊಳ್ಳಿ.